ದುಡಿಯುವ ಮಗಳ ಹುಟ್ಟುಹಬ್ಬಕ್ಕೆ ಪತ್ರ ಬರೆಯುವ ಬಗೆ

ಮಗಳು ಚಿಕ್ಕವಳಿದ್ದಾಗ ಹೊಸ ಲಂಗ, ಓಣಿಯ ಮಕ್ಕಳಿಗೆ ಚಾಕೊಲೇಟು, ಸಂಜೆ ಒಂದು ಆರತಿ ಇದ್ದರೆ ಹುಟ್ಟುಹಬ್ಬ ಮುಗಿಯುತ್ತಿತ್ತು. ಬೇಕಾದುದನ್ನು ತನ್ನ ಸಂಬಳದಲ್ಲಿ ತಾನೇ ಕೊಳ್ಳುವಷ್ಟು ಅವಳು ಬೆಳೆದ ಮೇಲೆ ತಂದೆತಾಯಿ ಏನು ಕೊಡಬೇಕು ಎಂದು ದಾವಣಗೆರೆಯ ನನ್ನ ಸ್ನೇಹಿತರು ಕೇಳುವುದುಂಟು. ನೆಂಟರ ಮುಂದೆ ಹೇಳಿಕೊಂಡು ತಿರುಗುವ ಹೆಮ್ಮೆಯನ್ನು ಒಂದು ಹಾಳೆಯಲ್ಲಿ ಬರೆದು ಅವಳ ಕೈಗೇ ಕೊಡಿ ಎಂದು ನಾನು ಹೇಳುತ್ತೇನೆ.

ದಿನವನ್ನು ಮೊದಲು ಅವಳನ್ನೇ ಕೇಳಿ ಗೊತ್ತುಮಾಡಿಕೊಳ್ಳಿ. ತಿಥಿಯ ಪ್ರಕಾರ ಆಚರಿಸುವ ಮನೆಗಳಲ್ಲಿ ಹುಟ್ಟಿದ ದಿನವು ಪ್ರತಿ ವರ್ಷ ಬೇರೆ ತಾರೀಖಿಗೆ ಬರುವುದರಿಂದ, ಅವಳಿಗೆ ರಜೆ ಸಿಗುವ ದಿನ ಊಟವನ್ನಿಟ್ಟುಕೊಂಡು, ತಿಥಿಯ ದಿನ ದೇವರಿಗೆ ದೀಪ ಹಚ್ಚಿದರೆ ಸಾಕು.

ಪತ್ರಕ್ಕೆ ಒಂದು ವಾರ ಮೊದಲೇ ಕೂರಬೇಕು. ಹಳೆಯ ಅಂಕಪಟ್ಟಿ, ಫೋಟೋ, ಜನನ ಪ್ರಮಾಣಪತ್ರಗಳನ್ನು ಹೊರಗೆ ತೆಗೆದಿಟ್ಟುಕೊಂಡರೆ ಮರೆತದ್ದು ತಾನಾಗಿ ನೆನಪಾಗುತ್ತದೆ. ನನ್ನ ಮಗಳು ಹುಟ್ಟಿದ್ದು 1997ರ ಮೇ ತಿಂಗಳಲ್ಲಿ, ಇದೇ ದಾವಣಗೆರೆಯಲ್ಲಿ. ಆದರೆ ದಾವಣಗೆರೆ ಜಿಲ್ಲೆಯಾದದ್ದು ಆ ವರ್ಷದ ಆಗಸ್ಟ್ 15ರಂದು, ಹಾಗಾಗಿ ಅವಳ ಪ್ರಮಾಣಪತ್ರದಲ್ಲಿ ಚಿತ್ರದುರ್ಗ ಜಿಲ್ಲೆ ಎಂದೇ ಇದೆ. ಅವಳಿಗೆ ಇಪ್ಪತ್ತೈದು ತುಂಬಿದಾಗ ನಾನು ಬರೆದ ಪತ್ರದ ಮೊದಲ ಸಾಲು, "ತಾಯೀ, ನೀನು ನಮ್ಮ ಜಿಲ್ಲೆಗಿಂತ ಮೂರು ತಿಂಗಳು ದೊಡ್ಡವಳು" ಎಂದಿತ್ತು.

ಗುಣವಾಚಕಗಳನ್ನು ಬಿಟ್ಟು, ಕಂಡದ್ದನ್ನು ಬರೆಯಿರಿ. "ನೀನು ಜಾಣೆ, ಮನೆಯ ಬೆಳಕು" ಎಂದು ಯಾವ ತಂದೆಯೂ ಯಾವ ಮಗಳಿಗೂ ಬರೆಯಬಹುದು. ಪಶುವೈದ್ಯೆಯಾದ ನನ್ನ ಮಗಳನ್ನು ಒಂದು ರಾತ್ರಿ ಜಗಳೂರು ತಾಲ್ಲೂಕಿನ ರೈತರೊಬ್ಬರು ಕರೆಸಿಕೊಂಡಾಗ ನಾನೂ ಜೊತೆಗೆ ಹೋಗಿದ್ದೆ. ಕರು ಅಡ್ಡ ತಿರುಗಿ ಎಮ್ಮೆ ನರಳುತ್ತಿತ್ತು. ಅವಳು ತೋಳಿನವರೆಗೂ ಕೈ ಹಾಕಿ, ಅವಸರಪಡದೆ, ಎಮ್ಮೆಯೊಡನೆ ಮೆಲ್ಲಗೆ ಮಾತಾಡುತ್ತಲೇ ಕರುವನ್ನು ಸರಿಯಾಗಿ ತಿರುಗಿಸಿ ಹೊರತೆಗೆದದ್ದನ್ನು ನಾನು ಲಾಟೀನು ಹಿಡಿದು ನಿಂತು ನೋಡಿದೆ. ಪತ್ರದ ಅರ್ಧ ಭಾಗ ಆ ರಾತ್ರಿಯದೇ ಆಗಿತ್ತು.

ನಿಮ್ಮ ತಪ್ಪೊಂದಿದ್ದರೆ ಅದನ್ನೂ ಒಂದು ವಾಕ್ಯದಲ್ಲಿ ಒಪ್ಪಿಕೊಳ್ಳಿ. ಹೆಣ್ಣುಮಗಳಿಗೆ ದನದ ಡಾಕ್ಟರಿಕೆ ಏಕೆ ಎಂದು ಅವಳು ಶಿವಮೊಗ್ಗದ ಕಾಲೇಜಿಗೆ ಸೇರುವಾಗ ತಡೆದವನು ನಾನೇ. ಐದೂವರೆ ವರ್ಷದ ಆ ಓದನ್ನು ಅವಳು ನನ್ನ ಮಾತನ್ನು ಮೀರಿಯೇ ಮುಗಿಸಿದಳು, ಅದನ್ನು ಬರೆಯದಿದ್ದರೆ ಉಳಿದ ಹೊಗಳಿಕೆಗೆ ಬೆಲೆ ಇರುತ್ತಿರಲಿಲ್ಲ.

ಬರೆಯಬಾರದ ಮಾತುಗಳೂ ಇವೆ. "ಎಷ್ಟು ಕಷ್ಟಪಟ್ಟು ಓದಿಸಿದೆವು" ಎಂದರೆ ಉಡುಗೊರೆಯ ಜೊತೆಗೆ ಸಾಲದ ಚೀಟಿ ಇಟ್ಟಂತಾಗುತ್ತದೆ. "ಗಂಡುಮಗನ ಹಾಗೆ ಮನೆ ನಡೆಸಿದೆ" ಎಂಬುದನ್ನು ನಮ್ಮ ಕಡೆ ದೊಡ್ಡ ಹೊಗಳಿಕೆಯೆಂದು ತಿಳಿಯುತ್ತಾರೆ. ಅವಳು ಮಾಡಿದ್ದು ಮಗಳಾಗಿಯೇ, ಅದನ್ನು ಇನ್ನೊಬ್ಬರ ಲೆಕ್ಕಕ್ಕೆ ಬರೆಯುವುದು ಸರಿಯಲ್ಲ. ಮದುವೆಯ ಪ್ರಸ್ತಾಪವಂತೂ ಬೇಡವೇ ಬೇಡ. ಊಟಕ್ಕೆ ಬರುವ ಚಿಕ್ಕಪ್ಪ, ಸೋದರತ್ತೆಯರಿಗೂ ಇದನ್ನು ಹಿಂದಿನ ದಿನವೇ ಫೋನಿನಲ್ಲಿ ತಿಳಿಸಿಡಿ, ಏಕೆಂದರೆ ಒಮ್ಮೆ ನಮ್ಮ ಮನೆಯಲ್ಲಿ ಆರತಿ ತಟ್ಟೆ ಇಳಿಸುವ ಮೊದಲೇ ಆ ಪ್ರಶ್ನೆ ಬಂದು, ಅವಳು ಊಟ ಬಿಟ್ಟು ಎದ್ದಿದ್ದಳು.

ಅಡುಗೆ ಅವಳಿಗೆ ಇಷ್ಟವಾದದ್ದೇ ಆಗಲಿ. ನಮ್ಮಲ್ಲಿ ಬೆಳಿಗ್ಗೆ ಬೆಣ್ಣೆ ದೋಸೆ. ಮೂರು ಲೋಟ ದೋಸೆ ಅಕ್ಕಿ, ಮುಕ್ಕಾಲು ಲೋಟ ಉದ್ದಿನಬೇಳೆ, ಒಂದು ಚಮಚ ಮೆಂತ್ಯವನ್ನು ಐದು ಗಂಟೆ ನೆನೆಸಿ, ರುಬ್ಬುವ ಮುಂಚೆ ಒಂದೂವರೆ ಲೋಟ ಮಂಡಕ್ಕಿಯನ್ನು ನೀರಲ್ಲದ್ದಿ ಹಿಂಡಿ ಸೇರಿಸಿ, ರಾತ್ರಿಯಿಡೀ ಹುಳಿಯಲು ಬಿಡಬೇಕು. ದೋಸೆ ಒಳಗೆ ಮೆತ್ತಗೆ, ಹೊರಗೆ ಗರಿಗರಿಯಾಗಿ ಬರುವುದಕ್ಕೆ ಆ ಮಂಡಕ್ಕಿಯ ಪಾಲೂ ಇದೆ. ಕಾವಲಿಯ ಮೇಲೆ ದಪ್ಪಗೆ ಹರಡಿ, ಬಿಳಿ ಬೆಣ್ಣೆಯನ್ನು ಧಾರಾಳವಾಗಿ ಹಾಕಿ, ಅರಿಶಿನವಿಲ್ಲದ ಆಲೂಗೆಡ್ಡೆ ಪಲ್ಯ ಮತ್ತು ಕಾಯಿ ಚಟ್ನಿಯೊಡನೆ ಬಡಿಸಿ. ಮೊದಲ ದೋಸೆ ಅವಳ ತಟ್ಟೆಗೆ ಬೀಳಲಿ, ಅವಳು ಅಂದು ಅಡುಗೆಮನೆಗೆ ಬರುವುದು ಬೇಡ.

ಪತ್ರವನ್ನು ಎಲ್ಲರೆದುರು ಓದಿ ಹೇಳಬೇಡಿ. ಮಗಳು ನಾಚಿ ತಲೆ ತಗ್ಗಿಸುತ್ತಾಳೆ, ನಮ್ಮ ಗಂಟಲೂ ಕಟ್ಟುತ್ತದೆ. ನೆಂಟರು ಹೊರಟ ಮೇಲೆ, ತಾರೀಖು ಹಾಕಿ ಅಪ್ಪ ಅವ್ವ ಇಬ್ಬರೂ ಸಹಿ ಮಾಡಿದ ಹಾಳೆಯನ್ನು ಮಡಚಿ ಅವಳ ಕೈಗೆ ಕೊಟ್ಟು ಆಚೆ ಬನ್ನಿ. ಓದುವಾಗ ಎದುರಿಗೆ ಕೂರಬೇಡಿ. ಅದರದೊಂದು ನಕಲನ್ನು ಅವಳ ಜನನ ಪ್ರಮಾಣಪತ್ರವಿರುವ ಫೈಲಿನಲ್ಲೇ ಇಟ್ಟುಕೊಳ್ಳಿ, ಮುಂದಿನ ವರ್ಷ ಬರೆಯಲು ಕೂತಾಗ ಹೇಳಿದ್ದನ್ನೇ ಮತ್ತೆ ಹೇಳದಿರಲು ಅದು ಬೇಕಾಗುತ್ತದೆ.