ಹಳೆಯ ಶೇಡರ್ ಅಸೆಂಬ್ಲಿಯನ್ನು ವಲ್ಕನ್‌ಗೆ ತರುವ ಬಗೆ

ಮೈಸೂರು ಅರಮನೆಯ ಭಾನುವಾರ ಸಂಜೆಯ ದೀಪಾಲಂಕಾರವನ್ನು ಪರದೆಯ ಮೇಲೆ ತೋರಿಸಲೆಂದು ನಾನು ಹಿಂದೆ ಮೈಕ್ರೋಸಾಫ್ಟ್‌ನ ಹಳೆಯ ಗ್ರಾಫಿಕ್ಸ್ ವ್ಯವಸ್ಥೆಯಾದ ಡೈರೆಕ್ಟ್3ಡಿ 9ರಲ್ಲಿ ಬರೆದಿದ್ದ ಪ್ರೋಗ್ರಾಮಿನ ವರ್ಟೆಕ್ಸ್ ಶೇಡರ್‌ಗಳೆಲ್ಲ (ಆಕೃತಿಯ ಪ್ರತಿ ಮೂಲೆಬಿಂದುವಿನ ಸ್ಥಾನ, ಬಣ್ಣಗಳನ್ನು ಲೆಕ್ಕಹಾಕುವ ಕಿರು ಪ್ರೋಗ್ರಾಮುಗಳು) ಶೇಡರ್ 1.1 ಆವೃತ್ತಿಯ ಅಸೆಂಬ್ಲಿಯಲ್ಲಿ, ಅಂದರೆ ಒಂದೊಂದೇ ಸೂಚನೆಯಾಗಿ ಬರೆಯುವ ಕೆಳಮಟ್ಟದ ಭಾಷೆಯಲ್ಲಿದ್ದವು. ಅವನ್ನು ಶೇಡರ್ ಬರೆಯುವ ಮೇಲ್ಮಟ್ಟದ ಭಾಷೆಯಾದ ಜಿಎಲ್‌ಎಸ್‌ಎಲ್‌ಗೆ ತಂದು, ವಲ್ಕನ್ ಓದುವ ಸ್ಪಿರ್-ವಿ ಎಂಬ ಮಧ್ಯಂತರ ರೂಪಕ್ಕೆ ಕಂಪೈಲ್ ಮಾಡಿ, ಇಂದಿನ ಗ್ರಾಫಿಕ್ಸ್ ವ್ಯವಸ್ಥೆಯಾದ ವಲ್ಕನ್‌ನಲ್ಲಿ ಓಡಿಸಿದಾಗ ಅನುಸರಿಸಿದ ಕ್ರಮ ಇದು. ಸೂಚನೆಗಳ ಅನುವಾದ ಬೇಗ ಮುಗಿಯುತ್ತದೆ. ಹಳೆಯ ವ್ಯವಸ್ಥೆ ತಾನಾಗಿಯೇ ಮಾಡುತ್ತಿದ್ದ ಕೆಲಸಗಳನ್ನು ಗುರುತಿಸಿ ನಾವೇ ಬರೆಯುವುದರಲ್ಲಿ ಹೆಚ್ಚಿನ ಶ್ರಮವಿದೆ.

ಮೊದಲು ಸ್ಥಿರಾಂಕಗಳನ್ನು, ಅಂದರೆ ಪ್ರೋಗ್ರಾಮು ಶೇಡರ್‌ಗೆ ಹೊರಗಿನಿಂದ ಕೊಡುವ ಮೌಲ್ಯಗಳನ್ನು ಗಮನಿಸಿ. ಅವನ್ನು ಇಡುವ 96 ರಿಜಿಸ್ಟರ್‌ಗಳಿಗೆ ತಲಾ 16 ಬೈಟ್‌ನಂತೆ 1,536 ಬೈಟ್ ಬೇಕು. ಪುಶ್ ಕಾನ್‌ಸ್ಟಂಟ್‌ಗಳಿಗೆ (ಆದೇಶದ ಜೊತೆಗೇ ನೇರವಾಗಿ ಕಳುಹಿಸುವ ಸಣ್ಣ ಮೌಲ್ಯಗಳಿಗೆ) ವಲ್ಕನ್ 1.0 ಖಾತರಿಪಡಿಸುವುದು 128 ಬೈಟ್ ಮಾತ್ರವಾದ್ದರಿಂದ ಯೂನಿಫಾರ್ಮ್ ಬಫರ್, ಅಂದರೆ ಶೇಡರ್ ಓದುವ ಮೆಮೊರಿ ತುಣುಕು ಬಳಸಬೇಕು. ಅದನ್ನು ಮ್ಯಾಟ್ರಿಕ್ಸ್‌ಗಳಾಗಿ ಒಡೆಯದೆ ನಾಲ್ಕು ಅಂಶಗಳ ವೆಕ್ಟರ್‌ಗಳ ಸಾಲಾಗಿಯೇ ಇಟ್ಟರೆ, ಅಡ್ಡಸಾಲು-ಕಂಬಸಾಲುಗಳ ಗೊಂದಲವಿಲ್ಲದೆ ನಾಲ್ಕು ಅಂಶಗಳನ್ನು ಗುಣಿಸಿ ಕೂಡಿಸುವ ಪ್ರತಿ ಡಿಪಿ4 ಸೂಚನೆಯೂ ಒಂದು ಡಾಟ್ ಗುಣಾಕಾರವಾಗುತ್ತದೆ. ಶೇಡರ್‌ನೊಳಗೆ ಡೆಫ್ ಎಂಬ ಸೂಚನೆಯ ಮೂಲಕ ಕೊಟ್ಟ ಮೌಲ್ಯ ಹೊರಗಿನಿಂದ ಬಂದದ್ದನ್ನು ಮೀರುತ್ತದೆ. ಆದ್ದರಿಂದ ಅದನ್ನು ಸ್ಥಳೀಯ ಸ್ಥಿರಾಂಕವಾಗಿಯೇ ಬರೆಯಿರಿ.

ಅಸೆಂಬ್ಲಿಯ ಒಂದು ಸೂಚನೆ ತನ್ನ ಆಕರಗಳನ್ನೆಲ್ಲ ಓದಿದ ನಂತರವೇ ಗುರಿ ರಿಜಿಸ್ಟರ್‌ಗೆ ಬರೆಯುತ್ತದೆ. ಆದ್ದರಿಂದ ಪೂರ್ಣ ವೆಕ್ಟರ್ ಲೆಕ್ಕವನ್ನು ಒಂದೇ ಸಾಲಿನಲ್ಲಿ ಮಾಡಿ, ಕೊನೆಯಲ್ಲಿ ಸೂಚನೆಯ ಮಾಸ್ಕ್ (ಯಾವ ಅಂಶಗಳಿಗೆ ಬರೆಯಬೇಕೆಂಬ ಗುರುತು) ಹೇಳುವ ಅಂಶಗಳನ್ನಷ್ಟೇ ತುಂಬಬೇಕು. ಅಂಶಕ್ಕೊಂದು ಸಾಲು ಬರೆದರೆ ಆಗಲೇ ಬದಲಾದ ಮೌಲ್ಯವನ್ನು ಮತ್ತೆ ಓದುವ ಅಪಾಯವಿದೆ.

ಆರ್‌ಎಸ್‌ಕ್ಯೂ ಸೂಚನೆ ಋಣ ಸಂಖ್ಯೆಯ ಚಿಹ್ನೆಯನ್ನು ತೆಗೆದುಹಾಕಿ ವರ್ಗಮೂಲದ ವಿಲೋಮವನ್ನು ಕೊಡುತ್ತದೆ, ಆದರೆ ಜಿಎಲ್‌ಎಸ್‌ಎಲ್‌ನಲ್ಲಿ ಸೊನ್ನೆಗೂ ಋಣ ಸಂಖ್ಯೆಗೂ ಫಲಿತಾಂಶ ಅನಿರ್ದಿಷ್ಟ. ಹಾಗಾಗಿ ನಿರಪೇಕ್ಷ ಮೌಲ್ಯ ತೆಗೆದುಕೊಂಡು, ಫಲಿತಾಂಶವನ್ನು ಫ್ಲೋಟ್‌ನ ಗರಿಷ್ಠ ಮೌಲ್ಯಕ್ಕೆ ಮಿತಿಗೊಳಿಸಿ. ಇಲ್ಲದಿದ್ದರೆ ಉದ್ದವಿಲ್ಲದ ನಾರ್ಮಲ್‌ನಲ್ಲಿ (ಮೇಲ್ಮೈ ಯಾವ ಕಡೆಗೆ ಮುಖ ಮಾಡಿದೆ ಎಂದು ಹೇಳುವ ವೆಕ್ಟರ್‌ನಲ್ಲಿ) ಸೊನ್ನೆಯನ್ನು ಅನಂತದಿಂದ ಗುಣಿಸಿದಂತಾಗಿ ಗೋಡೆಯ ಮೇಲೆ ಕಪ್ಪು ಚುಕ್ಕೆಗಳು ಕಾಣಿಸಿಕೊಳ್ಳಬಹುದು. ಎಷ್ಟನೆಯ ಸ್ಥಿರಾಂಕವನ್ನು ಓದಬೇಕೆಂದು ಹೇಳುವ ವಿಳಾಸ ರಿಜಿಸ್ಟರ್‌ಗೆ ಮೌಲ್ಯ ಹಾಕುವಾಗ 1.1 ಆವೃತ್ತಿ ಕೆಳಗಿನ ಪೂರ್ಣಾಂಕಕ್ಕೆ ಇಳಿಸುತ್ತದೆ, 2.0 ಆವೃತ್ತಿ ಹತ್ತಿರದ ಪೂರ್ಣಾಂಕಕ್ಕೆ ಸರಿಸುತ್ತದೆ. ಈ ವ್ಯತ್ಯಾಸ ಮರೆತರೆ ಒಂದು ದೀಪದ ಬದಲು ಪಕ್ಕದ ದೀಪ ಬೆಳಗುತ್ತದೆ.

ನನ್ನನ್ನು ಬಹುಕಾಲ ಕಾಡಿದ್ದು ಬಣ್ಣ. ಹಳೆಯ ಆವೃತ್ತಿಗಳಲ್ಲಿ ವರ್ಟೆಕ್ಸ್‌ನ ಬಣ್ಣ ಹೊರಬರುವಾಗಲೇ 0ರಿಂದ 1ರೊಳಗೆ ಮಿತಿಗೊಳ್ಳುತ್ತದೆ, ಹೊಸದರಲ್ಲಿ ಹಾಗಾಗುವುದಿಲ್ಲ. ಹಲವು ದೀಪಗಳ ಬೆಳಕು ಕೂಡಿ ಕಮಾನಿನ ಒಂದು ತುದಿಯಲ್ಲಿ 3, ಇನ್ನೊಂದು ತುದಿಯಲ್ಲಿ 0 ಬಂತೆನ್ನಿ: ಹಿಂದೆ ಹೊಳಪು 1ರಿಂದ 0ಗೆ ಒಂದೇ ಸಮನೆ ಇಳಿಯುತ್ತಿತ್ತು, ಈಗ ಕಮಾನಿನ ಮೂರನೇ ಎರಡು ಭಾಗ ಪೂರ್ತಿ ಬೆಳ್ಳಗಾಗುತ್ತದೆ. ಪಿಕ್ಸೆಲ್‌ಗಳ ಬಣ್ಣ ಲೆಕ್ಕಹಾಕುವ ಫ್ರಾಗ್ಮೆಂಟ್ ಶೇಡರ್‌ನಲ್ಲಿ ಮಿತಿಗೊಳಿಸಿದರೆ ಇದು ಸರಿಹೋಗದು, ವರ್ಟೆಕ್ಸ್ ಶೇಡರ್‌ನಲ್ಲೇ ಮಿತಿಗೊಳಿಸಬೇಕು. ಪಾರದರ್ಶಕ ಪಿಕ್ಸೆಲ್‌ಗಳನ್ನು ಕೈಬಿಡುವ ಆಲ್ಫಾ ಪರೀಕ್ಷೆಯನ್ನು ಮಾತ್ರ ಫ್ರಾಗ್ಮೆಂಟ್ ಶೇಡರ್‌ನಲ್ಲಿ ಡಿಸ್ಕಾರ್ಡ್ ಎಂಬ ಆದೇಶ ಬಳಸಿ ಬರೆಯಿರಿ.

ಆಳದ ವ್ಯಾಪ್ತಿ ಎರಡರಲ್ಲೂ 0ರಿಂದ 1 ಆಗಿರುವುದರಿಂದ ಅದನ್ನು ಮುಟ್ಟುವುದು ಬೇಡ. ವಲ್ಕನ್‌ನಲ್ಲಿ ವೈ ಅಕ್ಷ ಕೆಳಮುಖವಾದ್ದರಿಂದ ವ್ಯೂಪೋರ್ಟ್‌ನ (ಚಿತ್ರ ಮೂಡುವ ಪರದೆಯ ಚೌಕಟ್ಟಿನ) ಎತ್ತರವನ್ನು ಋಣ ಸಂಖ್ಯೆಯಾಗಿ ಕೊಡಿ, ವಲ್ಕನ್ 1.1ರಿಂದ ಇದಕ್ಕೆ ನೇರ ಅವಕಾಶವಿದೆ. ಡೈರೆಕ್ಟ್3ಡಿ 9ರಲ್ಲಿ ಪಿಕ್ಸೆಲ್‌ನ ಕೇಂದ್ರ ಪೂರ್ಣಾಂಕದಲ್ಲಿತ್ತು, ಈಗ ಅರ್ಧದಲ್ಲಿದೆ. ಆದ್ದರಿಂದ ವ್ಯೂಪೋರ್ಟನ್ನು ಬಲಕ್ಕೂ ಕೆಳಕ್ಕೂ ಅರ್ಧ ಪಿಕ್ಸೆಲ್ ಸರಿಸಿ. ಹಳೆಯ ಪ್ರೋಗ್ರಾಮು ಫಲಕದ ಅಕ್ಷರಗಳು ಮಸುಕಾಗದಿರಲೆಂದು ತಾನೇ 0.5 ಕಳೆಯುತ್ತಿದ್ದರೆ ಆ ಸಾಲನ್ನು ಅಳಿಸಬೇಡಿ, ಈ ಎರಡೂ ಸೇರಿದಾಗಲೇ ಲೆಕ್ಕ ಸರಿಹೊಂದುತ್ತದೆ.

ಫ್ರೇಮನ್ನು ಹಿಡಿದು ಪರಿಶೀಲಿಸುವ ರೆಂಡರ್‌ಡಾಕ್ ಎಂಬ ಉಪಕರಣ ವಲ್ಕನ್‌ನ ಫ್ರೇಮನ್ನು ಹಿಡಿಯುತ್ತದೆ, ಡೈರೆಕ್ಟ್3ಡಿ 9ರದ್ದನ್ನು ಹಿಡಿಯುವುದಿಲ್ಲ. ಆದ್ದರಿಂದ ಹಳೆಯ ಪ್ರೋಗ್ರಾಮು ಇನ್ನೂ ಓಡುತ್ತಿರುವಾಗಲೇ ನಿಶ್ಚಿತ ಕ್ಯಾಮೆರಾ ಸ್ಥಾನಗಳಿಂದ ಚಿತ್ರಗಳನ್ನು ಉಳಿಸಿಕೊಂಡು, ಪ್ರತಿ ಶೇಡರ್ ಮುಗಿದಂತೆ ಹೊಸ ಚಿತ್ರದಿಂದ ಹಳೆಯದನ್ನು ಪಿಕ್ಸೆಲ್‌ಗೆ ಪಿಕ್ಸೆಲ್ ಕಳೆದು ನೋಡಿ.