ಕಂಪ್ಯೂಟರ್ ಗುಂಯ್‌ಗುಡಬಾರದೇ? ಫ್ಯಾನ್ ಹೀಗೆ ಆರಿಸಿ

ಸ್ವಂತ ಕಂಪ್ಯೂಟರ್ ಜೋಡಿಸಿಕೊಳ್ಳುವವರು ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ವಿಷಯಕ್ಕೆ ವಾರಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ಫ್ಯಾನ್ ಮಾತ್ರ ಕ್ಯಾಬಿನೆಟ್ ಜೊತೆ ಬಂದದ್ದೇ ಸಾಕು ಅಂತ ಬಿಟ್ಟುಬಿಡುತ್ತಾರೆ. ಬೆಂಗಳೂರಿನಲ್ಲಿ ಅದು ನಡೆಯುತ್ತದೆ, ರಸ್ತೆಯ ಗದ್ದಲದಲ್ಲಿ ಫ್ಯಾನ್ ಸದ್ದು ಮುಚ್ಚಿಹೋಗುತ್ತದೆ. ಕೊಡಗಿನ ನಾಪೋಕ್ಲು ಕಡೆಯ ತೋಟದ ಮನೆಯಲ್ಲಿ ರಾತ್ರಿ ಒಂಬತ್ತಾದರೆ ಜೀರುಂಡೆ ಬಿಟ್ಟು ಬೇರೆ ಸದ್ದಿಲ್ಲ. ಅಲ್ಲಿ ಅಗ್ಗದ ಫ್ಯಾನು ಪಕ್ಕದ ಕೋಣೆಗೂ ಕೇಳುತ್ತದೆ.

ಆದರೆ ಕೊಡಗಿನವರಿಗೆ ಒಂದು ಅನುಕೂಲವಿದೆ, ಇಲ್ಲಿನ ಹವೆ. ಪ್ರೊಸೆಸರ್ ಮೇಲೆ ಕೂರುವ ಕೂಲರ್ ಮಾಡುವುದು ಚಿಪ್ಪಿನ ಬಿಸಿಯನ್ನು ಕೋಣೆಯ ಗಾಳಿಗೆ ದಾಟಿಸುವ ಕೆಲಸ ಅಷ್ಟೇ. ಕೋಣೆ ಎಷ್ಟು ಡಿಗ್ರಿ ತಂಪಾಗಿದೆಯೋ ಹೆಚ್ಚುಕಡಿಮೆ ಅಷ್ಟೇ ಡಿಗ್ರಿ ಪ್ರೊಸೆಸರ್ರೂ ತಂಪಾಗಿರುತ್ತದೆ. 34 ಡಿಗ್ರಿಯ ಊರಿನಲ್ಲಿ 80 ಮುಟ್ಟುವ ಚಿಪ್ಪು, 22 ಡಿಗ್ರಿಯ ಮಡಿಕೇರಿ ಕೋಣೆಯಲ್ಲಿ ಅದೇ ಫ್ಯಾನ್ ವೇಗಕ್ಕೆ 68ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಮಡಿಕೇರಿ ಸಮುದ್ರ ಮಟ್ಟದಿಂದ ಸುಮಾರು 1,150 ಮೀಟರ್ ಮೇಲಿದೆ, ಗಾಳಿ ಸ್ವಲ್ಪ ತೆಳು, ಆದ್ದರಿಂದ ಈ ಲಾಭದಲ್ಲಿ ಒಂದು ಪಾಲು ಕಳೆಯುತ್ತದೆ. ಆದರೂ ಲೆಕ್ಕ ನಮ್ಮ ಕಡೆಗೇ ಇದೆ. ಕುಶಾಲನಗರದವರು ಮಾತ್ರ ಬೇಸಿಗೆಗೆ ಸ್ವಲ್ಪ ಕೈ ಹಿಡಿದು ಲೆಕ್ಕ ಹಾಕಬೇಕು.

ಮೊದಲು, ಸದ್ದು ಮಾಡುತ್ತಿರುವುದು ಯಾವುದು?

ಇದನ್ನು ತಿಳಿಯದೆ ಫ್ಯಾನ್ ತರಿಸಬೇಡಿ. ಇದೇ ಪೇಪರನ್ನು ಕೊಳವೆಯ ಹಾಗೆ ಸುತ್ತಿ. ಒಂದು ತುದಿ ಕಿವಿಗೆ, ಇನ್ನೊಂದು ತುದಿಯನ್ನು ಕ್ಯಾಬಿನೆಟ್ಟಿನ ಹಿಂದೆ, ಮುಂದೆ, ಮೇಲೆ ಹಿಡಿದು ನೋಡಿ. ಸುಯ್ ಅಂತ ಗಾಳಿಯ ಸದ್ದು ಬಂದರೆ ಫ್ಯಾನ್ ಜೋರಾಗಿ ತಿರುಗುತ್ತಿದೆ ಅಂತ. ಕರಕರ ಅಂದರೆ ಬೇರಿಂಗ್ ಸವೆದಿದೆ. ಟಿಕ್ ಟಿಕ್ ಅಂದರೆ ಯಾವುದೋ ವೈರು ರೆಕ್ಕೆಗೆ ತಾಗುತ್ತಿರಬಹುದು, ಅದಕ್ಕೆ ಒಂದು ಜಿಪ್ ಟೈ ಸಾಕು, ದುಡ್ಡು ಉಳಿಯಿತು.

ಅನುಮಾನವಿದ್ದರೆ ಕಂಪ್ಯೂಟರ್ ಆಫ್ ಮಾಡಿ, ಕ್ಯಾಬಿನೆಟ್ಟಿನ ಒಂದು ಫ್ಯಾನಿನ ವೈರು ಕಿತ್ತು, ಮತ್ತೆ ಆನ್ ಮಾಡಿ ಕೇಳಿ. ಪ್ರೊಸೆಸರ್ ಮೇಲಿನ ಫ್ಯಾನಿಗೆ ಈ ಪರೀಕ್ಷೆ ಬೇಡ. ಸದ್ದು ಪವರ್ ಸಪ್ಲೈ ಒಳಗಿನದ್ದಾದರೆ ಡಬ್ಬ ಬಿಚ್ಚಲು ಹೋಗಬೇಡಿ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರ್‌ಗಳಲ್ಲಿ ಅಪಾಯದಷ್ಟು ಕರೆಂಟ್ ಉಳಿದಿರಬಹುದು. ಅದನ್ನು ಇಡಿಯಾಗಿ ಬದಲಿಸುವುದೇ ಸರಿ.

ದೊಡ್ಡದು, ನಿಧಾನ

ಇಡೀ ವಿಷಯದ ತಿರುಳು ಇಲ್ಲಿದೆ. ಫ್ಯಾನಿನ ವೇಗ ಅರ್ಧಕ್ಕಿಳಿದರೆ ಗಾಳಿ ಅರ್ಧವಾಗುತ್ತದೆ, ಆದರೆ ಸದ್ದು ಸುಮಾರು 15 ಡೆಸಿಬೆಲ್ ಇಳಿಯುತ್ತದೆ. 10 ಡೆಸಿಬೆಲ್ ಇಳಿದರೇ ನಮ್ಮ ಕಿವಿಗೆ ಸದ್ದು ಅರ್ಧವಾದ ಹಾಗೆ ಅನಿಸುತ್ತದೆ. ಇನ್ನೊಂದು ಕಡೆ, ಒಂದೇ ಥರದ ಎರಡು ಫ್ಯಾನ್ ಒಟ್ಟಿಗೆ ಓಡಿದರೆ ಸದ್ದು ಏರುವುದು ಬರೀ 3 ಡೆಸಿಬೆಲ್. ಈಗ ಕೂಡಿಸಿ ನೋಡಿ. ಜೋರಾಗಿ ಓಡುವ ಒಂದು ಫ್ಯಾನಿನ ಬದಲು ಅರ್ಧ ವೇಗದ ಎರಡನ್ನು ಹಾಕಿದರೆ, ಅಷ್ಟೇ ಗಾಳಿಗೆ ಸದ್ದು ಸುಮಾರು 12 ಡೆಸಿಬೆಲ್ ಕಡಿಮೆ.

ಅಳತೆಗೂ ಇದೇ ಮಾತು. ಕ್ಯಾಬಿನೆಟ್ಟಿಗೆ 140 ಮಿಲಿಮೀಟರ್ ಫ್ಯಾನ್ ಹಿಡಿದರೆ 120 ಬೇಡ, 120 ಹಿಡಿದರೆ 80 ಬೇಡ. ಸ್ಕ್ರೂ ತೂತಿನ ಅಂತರವನ್ನು ಸ್ಕೇಲ್ ಇಟ್ಟು ನೋಡಿಕೊಳ್ಳಿ. 120ರ ಫ್ಯಾನಿಗೆ ಅದು 105 ಮಿಲಿಮೀಟರ್, 140ಕ್ಕೆ 124.5. ಮಾಮೂಲಿ ಫ್ಯಾನ್ 25 ಮಿಲಿಮೀಟರ್ ದಪ್ಪ. ಜಾಗವಿಲ್ಲ ಅಂತ 15ರ ತೆಳು ಫ್ಯಾನ್ ತಂದರೆ ಅಷ್ಟೇ ಗಾಳಿಗೆ ಅದು ಜಾಸ್ತಿ ಜೋರಾಗಿ ತಿರುಗಬೇಕಾಗುತ್ತದೆ.

ಹಾಗಂತ ತೂತಿದ್ದಲ್ಲೆಲ್ಲ ಫ್ಯಾನ್ ತುಂಬಬೇಕಿಲ್ಲ. ಮುಂದೆ ಎರಡು ಒಳಗೆಳೆಯಲು, ಹಿಂದೆ ಒಂದು ಹೊರದಬ್ಬಲು. ಸಾಧಾರಣ ಗೇಮಿಂಗ್ ಕಂಪ್ಯೂಟರಿಗೆ ನಮ್ಮ ಚಳಿಯಲ್ಲಿ ಇಷ್ಟು ಧಾರಾಳ ಸಾಕು. ಅಂಗಡಿಯವರು ‘ಆರು ಆರ್‌ಜಿಬಿ ಹಾಕ್ಸಿ ಸಾರ್, ಲುಕ್ ಬರುತ್ತೆ’ ಅನ್ನುತ್ತಾರೆ. ಆರ್‌ಜಿಬಿ ಅಂದರೆ ಬಣ್ಣದ ದೀಪದ ಫ್ಯಾನ್. ಲುಕ್ ಬರುತ್ತದೆ, ನಿಜ. ಮೊದಲ ಮಳೆಗೆ ದೀಪಕ್ಕೆ ಮುತ್ತುವ ರೆಕ್ಕೆಹುಳಗಳೂ ಬರುತ್ತವೆ.

ಪಿನ್, ಬೇರಿಂಗ್

ವೈರಿನ ತುದಿಯಲ್ಲಿ ನಾಲ್ಕು ಪಿನ್ನಿನ ಕನೆಕ್ಟರ್ ಇರುವ ಪಿಡಬ್ಲ್ಯುಎಂ ಫ್ಯಾನನ್ನೇ ಕೇಳಿ. ಮದರ್‌ಬೋರ್ಡು ಅದರ ವೇಗವನ್ನು ತುಂಬ ಕೆಳಗಿನವರೆಗೂ ಇಳಿಸಬಲ್ಲದು. ಮನೆಯಲ್ಲಿ ಮೂರು ಪಿನ್ನಿನದ್ದಿದ್ದರೆ ಎಸೆಯಬೇಡಿ, ಅದೂ ಆ ಜಾಗದಲ್ಲೇ ಕೂರುತ್ತದೆ. ಬಯೋಸ್‌ನಲ್ಲಿ (ಮದರ್‌ಬೋರ್ಡಿನ ಸೆಟ್ಟಿಂಗ್ ಪುಟ) ಆ ಕನೆಕ್ಟರನ್ನು ಡಿಸಿ ಮೋಡ್‌ಗೆ ಬದಲಿಸಬೇಕು ಅಷ್ಟೇ. ಇಲ್ಲದಿದ್ದರೆ ಅದು ಸದಾ ಪೂರ್ತಿ ವೇಗದಲ್ಲೇ ಓಡುತ್ತದೆ. ‘ಹೊಸ ಫ್ಯಾನ್ ಹಾಕಿದರೂ ಸದ್ದು ಹೋಗಲಿಲ್ಲ’ ಅನ್ನುವವರು ಮೊದಲು ನೋಡಬೇಕಾದ್ದು ಇದನ್ನೇ.

ಬೇರಿಂಗ್‌ನಲ್ಲಿ ಸ್ಲೀವ್ ಅಗ್ಗ. ಹೊಸದರಲ್ಲಿ ಸುಮ್ಮನಿರುತ್ತದೆ, ಎಣ್ಣೆ ಒಣಗಿದ ಮೇಲೆ ಶುರುವಾಗುತ್ತದೆ ರಾಗ. ಕ್ಯಾಬಿನೆಟ್ಟಿನ ಮೇಲ್ಭಾಗದಲ್ಲಿ ಮಲಗಿಸಿ ಹಾಕಿದರೆ ಇನ್ನೂ ಬೇಗ. ಬಾಲ್ ಬೇರಿಂಗ್ ಬಾಳಿಕೆ ಬರುತ್ತದೆ, ಸದ್ದು ತುಸು ಜಾಸ್ತಿ. ಫ್ಲೂಯಿಡ್ ಡೈನಮಿಕ್ ಅಂತ ಬರೆದಿದ್ದರೆ ಅದನ್ನೇ ಆರಿಸಿ.

ಡಬ್ಬದ ಮೇಲಿನ ಅಂಕಿ

ಡೆಸಿಬೆಲ್ ಅಂಕಿ ನೋಡಿ ಎರಡು ಕಂಪನಿಗಳ ಫ್ಯಾನನ್ನು ಹೋಲಿಸುವುದು ಸುಮ್ನೆ. ಎಷ್ಟು ದೂರದಿಂದ, ಎಂಥ ಕೋಣೆಯಲ್ಲಿ ಅಳೆದರು ಅನ್ನುವುದು ಒಬ್ಬೊಬ್ಬರದ್ದು ಒಂದೊಂದು ಥರ. ಆಸ್ಟ್ರಿಯಾದ ನೊಕ್ಟುವಾ ತನ್ನ ಎನ್‌ಎಫ್-ಎ12ಎಕ್ಸ್25ಕ್ಕೆ 22.6 ಡೆಸಿಬೆಲ್ ಅಂತ ಬರೆದರೆ, ಆರ್ಕ್‌ಟಿಕ್ ಕಂಪನಿ ಪಿ12ಕ್ಕೆ ಸೋನ್ ಎಂಬ ಬೇರೆಯೇ ಅಳತೆ ಕೊಡುತ್ತದೆ. ಅದಕ್ಕಿಂತ ಕನಿಷ್ಠ ವೇಗ ಎಷ್ಟು ಅಂತ ನೋಡಿ. ಯಾವ ಫ್ಯಾನ್ 300, 400 ಆರ್‌ಪಿಎಂಗೂ (ನಿಮಿಷಕ್ಕೆ ಸುತ್ತು) ಇಳಿಯುತ್ತದೋ ಅದು ನಮಗೆ ಬೇಕಾದ ಫ್ಯಾನ್. ಜೊತೆಗೆ ಸ್ಟ್ಯಾಟಿಕ್ ಪ್ರೆಶರ್ ನೋಡಿ. ದೂಳಿನ ಜಾಲರಿಯನ್ನೋ ಕೂಲರಿನ ಒತ್ತಾದ ಲೋಹದ ಪಟ್ಟಿಗಳನ್ನೋ (ಫಿನ್) ದಾಟಿ ಗಾಳಿ ದಬ್ಬಬೇಕಾದ ಕಡೆ ಅದು ಮುಖ್ಯ.

ನೊಕ್ಟುವಾ ಒಳ್ಳೆಯದೇ, ಆದರೆ ದುಬಾರಿ. ಆ ಕಂದು ಬಣ್ಣ ಎಲ್ಲರಿಗೂ ಹಿಡಿಸುವುದಿಲ್ಲ. ನನ್ನ ಕೇಳಿದರೆ ಪ್ರೊಸೆಸರ್ ಕೂಲರಿಗೆ ಒಂದು ಒಳ್ಳೆ ಫ್ಯಾನ್, ಉಳಿದ ಕಡೆಗೆ ಐದರ ಪ್ಯಾಕಿನಲ್ಲೂ ಸಿಗುವ ಪಿ12ರಂಥದ್ದು ಸಾಕು. ಹೆಚ್ಚಿಗೆ ಉಳಿದದ್ದು ಸ್ಪೇರ್ ಇರಲಿ. ಕಕ್ಕಡ ತಿಂಗಳ ಮಳೆಯಲ್ಲಿ ಕೊರಿಯರ್‌ಗೆ ಕಾಯುವ ಕಷ್ಟ ಗೊತ್ತಲ್ವಾ.

ಕೂರಿಸುವಾಗ

ರೆಕ್ಕೆಗಳು ತೆರೆದು ಕಾಣುವ ಮುಖದಿಂದ ಗಾಳಿ ಒಳಗೆ ಹೋಗುತ್ತದೆ, ಅಡ್ಡಪಟ್ಟಿ ಇರುವ ಮುಖದಿಂದ ಹೊರಗೆ ಬರುತ್ತದೆ. ಸ್ಕ್ರೂ ಬದಲು ರಬ್ಬರ್ ಪಿನ್ ಕೊಟ್ಟಿದ್ದರೆ ಅದನ್ನೇ ಹಾಕಿ, ನಡುಕ ತಗಡಿಗೆ ಹತ್ತುವುದಿಲ್ಲ. ಒಂದೇ ಕನೆಕ್ಟರಿಗೆ ಸ್ಪ್ಲಿಟರ್ ಹಾಕಿ ಹಲವು ಫ್ಯಾನ್ ಜೋಡಿಸುವವರು ಲೇಬಲ್ ಮೇಲಿನ ಆಂಪಿಯರ್ ಕೂಡಿಸಿ ನೋಡಿ. ಸಾಮಾನ್ಯವಾಗಿ ಒಂದು ಕನೆಕ್ಟರಿಗೆ 1 ಆಂಪಿಯರ್ ಮಿತಿ.

ಆಮೇಲೆ ಬಯೋಸ್‌ಗೆ ಹೋಗಿ. ಆಸೂಸ್ ಬೋರ್ಡಿನಲ್ಲಿ ಕ್ಯು-ಫ್ಯಾನ್, ಗಿಗಾಬೈಟಿನಲ್ಲಿ ಸ್ಮಾರ್ಟ್ ಫ್ಯಾನ್ ಅಂತ ಇರುತ್ತದೆ, ಎಷ್ಟು ಬಿಸಿಗೆ ಎಷ್ಟು ವೇಗ ಅನ್ನುವ ಗೆರೆ ಎಳೆಯುವ ಜಾಗ ಅದು. ಪ್ರೊಸೆಸರ್ 60 ಡಿಗ್ರಿ ಇರುವವರೆಗೆ ಫ್ಯಾನ್ 35 ಪರ್ಸೆಂಟ್, 75ಕ್ಕೆ 60, 90ಕ್ಕೆ ನೂರು. ಇಲ್ಲಿಂದ ಶುರು ಮಾಡಿ ನಿಮ್ಮ ಕಿವಿಗೆ ತಕ್ಕಂತೆ ಬದಲಿಸಿ. ಈಗಿನ ಪ್ರೊಸೆಸರ್ ಬ್ರೌಸರ್ ತೆರೆದರೂ ಕ್ಷಣದಲ್ಲಿ ಹತ್ತಿಪ್ಪತ್ತು ಡಿಗ್ರಿ ಜಿಗಿದು ಇಳಿಯುತ್ತದೆ. ಫ್ಯಾನೂ ಅದರ ಹಿಂದೆಯೇ ಏರಿ ಇಳಿದರೆ ಕಿರಿಕಿರಿ. ಒಂದೇ ಸಮನೆ ಬರುವ ಸದ್ದನ್ನು ಕಿವಿ ಮರೆಯುತ್ತದೆ, ಏರಿಳಿಯುವುದನ್ನು ಮರೆಯುವುದಿಲ್ಲ. ಸ್ಟೆಪ್ ಅಪ್ ಟೈಮ್ ಎಂಬ ಆಯ್ಕೆಯಿದ್ದರೆ ಕೆಲವು ಸೆಕೆಂಡ್ ಕೊಡಿ. ಒಂದು ನಿರ್ದಿಷ್ಟ ವೇಗದಲ್ಲಿ ಮಾತ್ರ ಗುಂಯ್ ಅನ್ನುವ ಫ್ಯಾನುಗಳೂ ಇವೆ. ಆ ವೇಗವನ್ನು ದಾಟಿಸಿ ಗೆರೆ ಎಳೆಯಿರಿ.

ಕರೆಂಟ್ ಹೋಗಿ ಇನ್‌ವರ್ಟರಿಗೆ ಬಿದ್ದಾಗ ಸೀಲಿಂಗ್ ಫ್ಯಾನ್ ಗೊಣಗುತ್ತದಲ್ಲ, ಆ ತೊಂದರೆ ಇವಕ್ಕಿಲ್ಲ. ಇವು 12 ವೋಲ್ಟ್ ಡಿಸಿಯಲ್ಲಿ ಓಡುತ್ತವೆ.

ಮಳೆಗಾಲಕ್ಕೆ

ಕಾಫಿ ಕಣದ ದೂಳು ಬೇಸಿಗೆಯಲ್ಲಿ ಒಳಗೆ ಸೇರುತ್ತದೆ, ಜೂನ್‌ನ ತೇವಕ್ಕೆ ಅಂಟಾಗಿ ರೆಕ್ಕೆಯ ಅಂಚಿಗೆ ಕಚ್ಚುತ್ತದೆ, ಮೇಲೆ ಬೂಸ್ಟು. ರೆಕ್ಕೆಯ ತೂಕ ಏರುಪೇರಾದರೆ ನಡುಕ, ಸದ್ದು. ಮಳೆ ಶುರುವಾಗುವ ಮುಂಚೆ ಜಾಲರಿ ತೊಳೆದು, ಚೆನ್ನಾಗಿ ಒಣಗಿಸಿ ಹಾಕಿ. ರೆಕ್ಕೆಯನ್ನು ಬ್ರಷ್‌ನಿಂದ ಒರೆಸಿ. ಬ್ಲೋವರ್ ಹಿಡಿಯುವಾಗ ಫ್ಯಾನ್ ತಿರುಗದ ಹಾಗೆ ಬೆರಳಿಂದ ತಡೆಹಿಡಿಯಿರಿ, ಇಲ್ಲದಿದ್ದರೆ ಮಿತಿಮೀರಿದ ವೇಗಕ್ಕೆ ಬೇರಿಂಗ್ ಹಾಳಾಗುತ್ತದೆ. ಮಳೆ ತಿಂಗಳಲ್ಲಿ ಕಂಪ್ಯೂಟರನ್ನು ವಾರಗಟ್ಟಲೆ ಆಫ್ ಇಡಬೇಡಿ. ದಿನಾ ಸ್ವಲ್ಪ ಹೊತ್ತು ಓಡಿದರೆ ಒಳಗಿನ ಬಿಸಿಗೆ ತೇವ ನಿಲ್ಲುವುದಿಲ್ಲ.

ಇಷ್ಟೆಲ್ಲ ಆದ ಮೇಲೂ ಗೇಮ್ ಹಾಕಿದಾಗ ಮಾತ್ರ ಕೀಂಯ್ ಎಂಬ ಸಣ್ಣ ಸದ್ದು ಬರುತ್ತಿದ್ದರೆ ಅದು ಬಹುಶಃ ಗ್ರಾಫಿಕ್ಸ್ ಕಾರ್ಡಿನ ತಂತಿ ಸುರುಳಿಯದ್ದು (ಕಾಯಿಲ್), ಫ್ಯಾನಿನದ್ದಲ್ಲ. ಗೇಮಿನ ಫ್ರೇಮ್ ರೇಟ್‌ಗೆ ಮಿತಿ ಹಾಕಿ ನೋಡಿ, ಎಷ್ಟೋ ಸಲ ಅಷ್ಟಕ್ಕೇ ಕಡಿಮೆಯಾಗುತ್ತದೆ.