ತಾಯಿಯ ದಾರಿ ನೋಡುವ ಮಗು: ಕಂಜಿಗೆ ಕತೆ ಕಟ್ಟುವ ಬಗೆ

ಜಪಾನ್ ಸರ್ಕಾರ ದಿನಬಳಕೆಗೆಂದು ಗೊತ್ತುಮಾಡಿದ ಜೋಯೋ ಪಟ್ಟಿಯಲ್ಲಿ 2136 ಕಂಜಿಗಳಿವೆ. ಕಂಜಿ ಎಂದರೆ ಜಪಾನೀಸ್ ಬರಹದಲ್ಲಿ ಬಳಸುವ, ಚೀನೀ ಮೂಲದ ಅಕ್ಷರ. ಒಂದೊಂದನ್ನೂ ನೂರು ಸಲ ತಿದ್ದುವ ಬದಲು, ಅದರ ಒಳಗಿನ ಭಾಗಗಳಿಗೆ ಹೆಸರಿಟ್ಟು ಕತೆ ಕಟ್ಟುವುದು ನಾನು ಹಿಡಿದ ದಾರಿ. ಕತೆ ರಸವತ್ತಾಗಿದ್ದರೆ ಸಾಲದು, ಒಂದು ಕಂಜಿಯನ್ನು ಅದರ ನೆಂಟರಿಂದ ಬೇರೆ ಮಾಡಿ ತೋರಿಸಬೇಕು. ಕಷ್ಟವೆಲ್ಲ ಇರುವುದು ಅಲ್ಲೇ.

'ದೇವಸ್ಥಾನ' ಎಂಬ ಕಂಜಿಯನ್ನೇ ತೆಗೆದುಕೊಳ್ಳಿ. ಆರು ಗೆರೆ, ಮೇಲೆ ಮಣ್ಣು, ಕೆಳಗೆ ಅಂಗುಲದಂಥ ಒಂದು ಹಳೆಯ ಅಳತೆ. ಓದು, ಅಂದರೆ ಉಚ್ಚಾರ, 'ಜಿ'. ಇದರ ಎಡಕ್ಕೆ ಸೂರ್ಯ ಬಂದರೆ 'ಹೊತ್ತು', ಕೈ ಬಂದರೆ 'ಹಿಡಿ', ಮನುಷ್ಯ ನಿಂತರೆ 'ಸಮುರಾಯ್', ಮಾತು ಸೇರಿದರೆ 'ಕವಿತೆ', ಎತ್ತು ಸೇರಿದರೆ 'ವಿಶೇಷ'. ಕೊನೆಯದಕ್ಕೆ ನಾವು ಕತೆ ಹುಡುಕಬೇಕಾಗಿಯೇ ಇಲ್ಲ, ಶಿವನ ಗುಡಿಯ ಮುಂದೆ ನಂದಿ ಕೂತಿದ್ದಾನೆ. 'ಹಿಡಿ'ಗೆ ಹಣ್ಣುಕಾಯಿ ತಟ್ಟೆ ಹಿಡಿದ ಕೈ ಸಾಕು. 'ಹೊತ್ತಿ'ಗೆ ಮಾತ್ರ ಎಚ್ಚರ ಬೇಕು. ನೆತ್ತಿಯ ಮೇಲಿನ ಸೂರ್ಯನನ್ನು ಕತೆಗೆ ತಂದರೆ ಕೈ ಸೂರ್ಯನನ್ನು ದೇವಸ್ಥಾನದ ಮೇಲೆಯೇ ಬರೆದುಬಿಡುತ್ತದೆ. ಗುಡಿಯ ಎಡಗೋಡೆಗೆ ಎಳೆಬಿಸಿಲು ಬಿದ್ದಿದೆ, ಪೂಜೆಯ ಹೊತ್ತಾಯಿತು ಎಂದು ಕಟ್ಟಿದರೆ ಭಾಗ ತನ್ನ ಜಾಗದಲ್ಲೇ ಕೂರುತ್ತದೆ.

ಇದೇ ಸಂಸಾರದಲ್ಲಿ 'ಕಾಯು' ಎಂಬರ್ಥದ್ದೂ ಒಂದಿದೆ. ಎಡಕ್ಕೆ ಕವಲುದಾರಿಯ ಅರ್ಧ, ಬಲಕ್ಕೆ ದೇವಸ್ಥಾನ. ಕನ್ನಡದಲ್ಲಿ ಕಲಿಯುವವರು ಎಡವುವುದು ಇಲ್ಲಿ. 'ಕಾಯು' ಎಂದರೆ ಕಾವಲು ಕಾಯುವುದೂ ಹೌದಲ್ಲ? ಬಾಗಿಲು ಕಾಯುವ ಸಮುರಾಯ್ ನೆನಪಾಗಿ ಕೈ ಮನುಷ್ಯನನ್ನು ಬರೆಯುತ್ತದೆ. ಅದಕ್ಕೇ ಅಭ್ಯಾಸದ ಕಾರ್ಡಿನ ಮೇಲೆ 'ದಾರಿ ನೋಡು' ಎಂದು ಬರೆದುಕೊಂಡೆ. ನಮ್ಮ ನುಡಿಗಟ್ಟಿನಲ್ಲೇ ಆ ಎಡಭಾಗವಿದೆ. ಒನ್‌ಯೊಮಿ, ಅಂದರೆ ಚೀನೀ ಮೂಲದ ಓದು, 'ತೈ'. ಹಾಗಾಗಿ ಕತೆ ಹೀಗೆ: ಗುಡಿಯ ಮೆಟ್ಟಿಲ ಮೇಲೆ ಮಗು ತಾಯಿಯ ದಾರಿ ನೋಡುತ್ತಿದೆ. ಅರ್ಥ, ಎರಡೂ ಭಾಗ, ಓದು ಎಲ್ಲ ಒಂದೇ ವಾಕ್ಯದಲ್ಲಿ ಬಂತು.

ಓದನ್ನು ರೋಮನ್ ಲಿಪಿಯಲ್ಲಲ್ಲ, ಕನ್ನಡದಲ್ಲೇ ಬರೆದುಕೊಳ್ಳಿ. ಒ-ಓ ಹ್ರಸ್ವದೀರ್ಘ, ಒತ್ತಕ್ಷರ ಎರಡೂ ಜಪಾನೀಸಿಗೆ ಬೇಕು, ನಮ್ಮಲ್ಲಿ ಎರಡೂ ಇವೆ. ಶಾಲೆ 'ಗಕ್ಕೋ' ಎಂದು ಬರೆದರೆ ಉಚ್ಚಾರ ಕೆಡುವುದಿಲ್ಲ. ಪದಚಮತ್ಕಾರ ಮಾತ್ರ ಕೈಕೊಡಬಹುದು. 'ವಿಶೇಷ'ದ ಓದು 'ತೊಕು'. ನಂದಿಗೆ ಮಾವಿನಕಾಯಿ ತೊಕ್ಕು ಬಳಿದರೆ ಚೆನ್ನಾಗಿ ನೆನಪಿರುತ್ತದೆ, ಆದರೆ ನಾಲಗೆ ಒತ್ತು ಸೇರಿಸಿಬಿಡುತ್ತದೆ. ಪಕ್ಕದಲ್ಲಿ ಸರಿಯಾದ ರೂಪ ಬರೆದಿಡಿ.

ಈ ಕತೆಗಳು ಲಿಪಿಯ ಇತಿಹಾಸವಲ್ಲ. ಈ ಗುಂಪಿಗೆ ದೇವಸ್ಥಾನದ ಭಾಗ ಬಂದದ್ದು ಮುಖ್ಯವಾಗಿ ಉಲಿಗಾಗಿ. ಹೊತ್ತು, ಹಿಡಿ, ಸಮುರಾಯ್ ಮೂರಕ್ಕೂ 'ಜಿ' ಎಂಬ ಓದು ಇರುವುದು ಅದರಿಂದಲೇ. ಆದ್ದರಿಂದ ಓದಿನ ಕತೆ ಬೇಕಾದದ್ದು 'ಜಿ' ಅಲ್ಲದವಕ್ಕೆ ಮಾತ್ರ. ಶ್ರಮ ಅರ್ಧ ಉಳಿಯುತ್ತದೆ.

ದಿನಕ್ಕೆ ಹತ್ತು ಹೊಸದು, ಒಂದೊಂದು ಕತೆಗೆ ಮೂರು ನಾಲ್ಕು ನಿಮಿಷ. ಹೀಗೆ ಸಾಗಿದರೆ ಪಟ್ಟಿಗೆ ಏಳು ತಿಂಗಳು ಹಿಡಿಯುತ್ತದೆ. ಕಾರ್ಡುಗಳನ್ನು ಮತ್ತೆ ಮತ್ತೆ ತೋರಿಸಿ ನೆನಪು ಗಟ್ಟಿಮಾಡಿಸುವ ಅಂಕಿ (Anki) ಎಂಬ ಆ್ಯಪಿನ ಕಾರ್ಡಿನಲ್ಲಿ ಮುಂದೆ ಕನ್ನಡ ಅರ್ಥ, ಹಿಂದೆ ಕಂಜಿ ಮತ್ತು ಕತೆ. ಕಾಗದದ ಮೇಲೆ ಬರೆದಾದ ಮೇಲೆಯೇ ತಿರುಗಿಸಬೇಕು, ಬರೀ ಕಣ್ಣಾಡಿಸಿದರೆ ಗೊತ್ತಿದೆ ಎಂಬ ಭ್ರಮೆ ಹುಟ್ಟುತ್ತದೆ. ಒಂದು ಭಾಗಕ್ಕೆ ಒಂದೇ ಹೆಸರು. ಇಂದು 'ಎತ್ತು', ನಾಳೆ 'ಹಸು' ಎಂದರೆ ಕತೆಗಳು ಕಲಸಿಹೋಗುತ್ತವೆ. ಇಲ್ಲದ ಭಾಗವನ್ನು ಅಲಂಕಾರಕ್ಕೆಂದು ತಂದರೆ ಕೈ ಅದನ್ನೂ ಬರೆಯುತ್ತದೆ.

ಜೋಡಿ ರೂಪಗಳನ್ನು ಒಂದೇ ದಿನ ಕಲಿಯುವುದು ಲೇಸು. ಮರದ ಮೇಲೆ ಇನ್ನೊಂದು ಅಡ್ಡಗೆರೆ ಎಳೆದರೆ ಎರಡು ಕಂಜಿಗಳಾಗುತ್ತವೆ: ಆ ಗೆರೆ ಚಿಕ್ಕದಾದರೆ 'ಇನ್ನೂ ಇಲ್ಲ', ಉದ್ದವಾದರೆ 'ಕೊನೆ'. ತುದಿಯ ಕೊಂಬೆ ಇನ್ನೂ ಬೆಳೆದಿಲ್ಲ. ಬೆಳೆದು ಹರಡಿತು, ಅಲ್ಲಿಗೆ ಕೊನೆ. ಗೆರೆಯ ಉದ್ದ ಕತೆಯಲ್ಲಿ ಬಾರದಿದ್ದರೆ ಇವೆರಡು ತಿಂಗಳಾದರೂ ಅದಲುಬದಲಾಗುತ್ತಲೇ ಇರುತ್ತವೆ.

ಒಂದೇ ಕಾರ್ಡು ಮೂರು ಸಲ ತಪ್ಪಿದರೆ ಮತ್ತೆ ಉರುಹೊಡೆಯಬೇಡಿ. ತಪ್ಪಾಗಿ ಬರೆದದ್ದು ಯಾವ ಕಂಜಿ ಎಂದು ನೋಡಿ, ಅದರ ಕತೆಯನ್ನೂ ಇದರ ಕತೆಯನ್ನೂ ಪಕ್ಕಪಕ್ಕ ಇಟ್ಟು ಎರಡನ್ನೂ ಬದಲಿಸಿ.